ಎಣ್ಣೆ ಮೇಸ್ತ್ರಿ ರೋವರ್ ಮತ್ತು ಅಜ್ಜಿಯ ಪಾಲು

ಎಗ್ಗರ್ಟ್ ರೋವರನನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಅವನ ಬೆನ್ನು ಮಾತ್ರ. 1942ರ ಏಪ್ರಿಲ್ ತಿಂಗಳು, ಕೀಲ್ ಬಂದರಿನ ಎಣ್ಣೆ ಕಟ್ಟೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು, ಆದರೂ ಕಿವಿ ಕತ್ತರಿಸುವ ಚಳಿ. ನಾನು ಜಲಾಂತರ್ಗಾಮಿಗೆ ಹೊಸ ಇಂಜಿನಿಯರಾಗಿ ನೇಮಕಗೊಂಡು, ಹೆಗಲಿಗೆ ಚೀಲ ಹಾಕಿಕೊಂಡು, ಕಟ್ಟೆಯಿಂದ ದೋಣಿಗೆ ಇಟ್ಟಿದ್ದ ಹಲಗೆ ದಾಟಿ ಬಂದೆ. ದೋಣಿ ಎನ್ನುತ್ತಿದ್ದೇನೆ, ಅದರೊಳಗೆ ಬದುಕಿದವರು ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ದಪ್ಪನೆಯ ರಬ್ಬರ್ ಕೊಳವೆಯೊಂದು ಕಟ್ಟೆಯಿಂದ ಬಂದು ದೋಣಿಯ ಮೈಯೊಳಗೆ ಇಳಿದಿತ್ತು. ಎಣ್ಣೆ ಹರಿಯುವ ರಭಸಕ್ಕೆ ಅದು ಮೆಲ್ಲನೆ ಮಿಡಿಯುತ್ತಿತ್ತು.

ಅದರ ಪಕ್ಕದಲ್ಲಿ, ಒದ್ದೆ ಹಲಗೆಗಳ ಅಂಚಿನಲ್ಲಿ ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ಎಡಗೈಯಲ್ಲಿ ಹಂದಿಕೊಬ್ಬು ಸವರಿದ ಕಪ್ಪು ರೊಟ್ಟಿ. ಬಲಗೈ ಮಂಡಿಯ ಮೇಲೆ, ಯಾವ ಗಳಿಗೆಯಲ್ಲಾದರೂ ಮೇಲೇಳಲು ಸಿದ್ಧವಾದಂತೆ. ಎಂಜಿನ್ ಒರೆಸುವ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದ. ಅವನು ರೊಟ್ಟಿಯನ್ನೂ ನೋಡುತ್ತಿರಲಿಲ್ಲ, ಕೊಳವೆಯನ್ನೂ ನೋಡುತ್ತಿರಲಿಲ್ಲ. ದೋಣಿಯ ಪಕ್ಕದ ನೀರನ್ನೇ ದಿಟ್ಟಿಸುತ್ತಿದ್ದ. ನಾನು ಹತ್ತಿರ ಹೋಗಿ ನಿಂತೆ. ಅವನು ತಿರುಗಲಿಲ್ಲ.

"ನೆರಳು ಆಚೆ ತಗೊಂಡ್ಹೋಗಯ್ಯಾ, ನೀರು ಕಾಣ್ತಿಲ್ಲ" ಅಂದ.

ನಾನು ಪಕ್ಕಕ್ಕೆ ಸರಿದೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ನವಿಲುಗರಿಯ ಬಣ್ಣದ ತೆಳುವಾದ ಪೊರೆಯೊಂದು ಹರಡಿತು. ಅಂಗೈಯಗಲದಷ್ಟೇ. ಅವನ ಬಲಗೈ ಮೇಲೆದ್ದಿತು. ಕಟ್ಟೆಯ ಮೇಲಿದ್ದವನು ಚಕ್ರ ತಿರುಗಿಸಿದ, ಕೊಳವೆ ತಣ್ಣಗಾಯಿತು. ಆಮೇಲೆ ಅವನು ಎದ್ದು, ತಿರುಗಿ, ನನ್ನ ತೋಳಿನ ಅಧಿಕಾರಿ ಪಟ್ಟಿಗಳನ್ನು ನೋಡಿದ. ಮೂವತ್ತೈದರ ಆಸುಪಾಸಿನ, ಅಗಲ ಮುಖದ, ಮಂಜುಗಣ್ಣಿನ ಮನುಷ್ಯ. ರೊಟ್ಟಿ ಹಿಡಿದ ಕೈ ಯಾವುದು, ಸಲಾಮು ಮಾಡುವ ಕೈ ಯಾವುದು ಎಂದು ಒಂದು ಕ್ಷಣ ಗಲಿಬಿಲಿಯಾದ.

"ಕ್ಷಮಿಸ್ಬೇಕು ಹೆರ್ ಇಂಜಿನಿಯರ್. ನೆರಳಿಗೆ ಪಟ್ಟಿ ಇರಲ್ವಲ್ಲ, ಯಾರದ್ದು ಅಂತ ಗೊತ್ತಾಗ್ಲಿಲ್ಲ."

ಅವನು ನಮ್ಮ ಡೀಸೆಲ್ ಎಂಜಿನ್ನುಗಳ ಮೇಸ್ತ್ರಿ. ನೀರನ್ನು ಏಕೆ ನೋಡುತ್ತಿದ್ದನೆಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮ ದೋಣಿಯ ಎಣ್ಣೆ ಟ್ಯಾಂಕುಗಳು ಖಾಲಿಯಾಗುವುದೆಂದೇ ಇಲ್ಲ. ಅವುಗಳ ತಳ ಸಮುದ್ರಕ್ಕೆ ತೆರೆದಿರುತ್ತದೆ. ಎಣ್ಣೆ ಹಗುರ, ಮೇಲೆ ನಿಲ್ಲುತ್ತದೆ. ಉಪ್ಪುನೀರು ಭಾರ, ಕೆಳಗೆ ನಿಲ್ಲುತ್ತದೆ. ಎಂಜಿನ್ನು ಮೇಲಿನಿಂದ ಒಂದು ಕೊಡ ಎಣ್ಣೆ ಕುಡಿದರೆ ಕೆಳಗಿನಿಂದ ಒಂದು ಕೊಡ ನೀರು ಒಳಗೆ ಬರುತ್ತದೆ. ಬಂದರಿನಲ್ಲಿ ತುಂಬಿಸುವಾಗ ಇದರ ತಿರುವುಮುರುವು: ಮೇಲಿನಿಂದ ಎಣ್ಣೆ ತಳ್ಳಿದಂತೆ ಕೆಳಗಿನಿಂದ ನೀರು ಹೊರಗೆ ಹೋಗುತ್ತದೆ. ಕೊನೆಗೆ ಎಣ್ಣೆಯೇ ತಳದಿಂದ ಹೊರಗೆ ಇಣುಕಿ ನೀರಿನ ಮೇಲೆ ಬಣ್ಣ ಚೆಲ್ಲಿದರೆ ಟ್ಯಾಂಕು ತುಂಬಿತು ಎಂದರ್ಥ.

ನಾನು ಆಂಗೆಲ್ನ್ ಸೀಮೆಯ ಹಳ್ಳಿಯವನು. ನಮ್ಮದು ಹಸುಗಳ ಮನೆ. ಕೆನೆ ಮೇಲೆ, ಹಾಲು ಕೆಳಗೆ ಎಂಬುದನ್ನು ಎಂಜಿನಿಯರಿಂಗ್ ಶಾಲೆಗೆ ಹೋಗಿ ಕಲಿಯಬೇಕಾಗಿರಲಿಲ್ಲ. ಅಲ್ಲಿ ಹೊಸದಾಗಿ ಕಲಿತದ್ದು ಅದರ ಮುಂದಿನ ಮಾತು. ಬೇರೆ ಹಡಗುಗಳು ಎಣ್ಣೆ ಉರಿಸಿದಷ್ಟೂ ಹಗುರವಾಗುತ್ತವೆ. ನಮ್ಮದು ಉರಿಸಿದಷ್ಟೂ ಭಾರವಾಗುತ್ತದೆ, ಏಕೆಂದರೆ ಹೋದ ಎಣ್ಣೆಗಿಂತ ಬಂದ ನೀರು ತೂಕ ಹೆಚ್ಚು. ಎಷ್ಟು ಎಣ್ಣೆ ಹೋಯಿತೆಂದು ತಿಳಿದು, ಅದಕ್ಕೆ ತಕ್ಕಷ್ಟು ನೀರನ್ನು ಬೇರೆ ಟ್ಯಾಂಕುಗಳಿಂದ ಹೊರಗೆ ಹಾಕುವುದು ಇಂಜಿನಿಯರನ ಕೆಲಸ. ಕಡಿಮೆ ಹಾಕಿದರೆ ದೋಣಿ ಮುಳುಗುವಾಗ ಕಲ್ಲಿನ ಹಾಗೆ ಇಳಿಯುತ್ತದೆ. ಹೆಚ್ಚು ಹಾಕಿದರೆ, ಶತ್ರು ವಿಮಾನ ತಲೆಯ ಮೇಲೆ ಬಂದಾಗ, ಮುಳುಗಲೊಲ್ಲದೆ ಬೆಂಡಿನ ಹಾಗೆ ಮೇಲೆಯೇ ತೇಲುತ್ತದೆ. ದೋಣಿಯಲ್ಲಿದ್ದ ಎಲ್ಲರ ಪ್ರಾಣವೂ ಆ ಲೆಕ್ಕದ ಮೇಲೆ ನಿಂತಿತ್ತು. ಲೆಕ್ಕ ನನ್ನದು. ಆದರೆ ಎಣ್ಣೆ ಎಷ್ಟು ಖರ್ಚಾಯಿತು ಎಂಬ ಅಂಕಿ ರೋವರನದು. ದಿನಾ ಬೆಳಗ್ಗೆ ಎಂಜಿನ್ ಕೋಣೆಯ ಮೀಟರು ನೋಡಿಕೊಂಡು ಬಂದು ಅವನು ಬಾಯಲ್ಲಿ ಹೇಳುತ್ತಿದ್ದ, ನಾನು ನಂಬುತ್ತಿದ್ದೆ.

ಉತ್ತರ ಸಮುದ್ರ ದಾಟಿ, ಸ್ಕಾಟ್ಲೆಂಡಿನ ನೆತ್ತಿ ಬಳಸಿ ನಾವು ಅಟ್ಲಾಂಟಿಕ್ಕಿಗೆ ಇಳಿದೆವು. ಹೋಗಬೇಕಾದದ್ದು ಬಹಳ ದೂರ, ಅಮೆರಿಕದ ಕಡೆಗೆ. ಎಷ್ಟು ದೂರವೆಂದರೆ ಹುಡುಗರು ಮೈ ತೊಳೆಯುವ ನೀರಿನ ಒಂದು ಟ್ಯಾಂಕನ್ನೂ ಎಣ್ಣೆಗೆ ಬಿಟ್ಟುಕೊಟ್ಟಿದ್ದರು. ಎರಡು ಎಂಜಿನ್ನುಗಳಲ್ಲಿ ಒಂದನ್ನೇ ನಡೆಸುತ್ತಾ, ಎತ್ತಿನ ಗಾಡಿಯ ಹಾಗೆ ಹೋಗುತ್ತಿದ್ದೆವು. ನಿಧಾನಕ್ಕೆ ಹೋದರೆ ಎರಡು ದಿನಕ್ಕೆ ಬರುವ ಎಣ್ಣೆಯನ್ನು ಪೂರ್ತಿ ವೇಗದಲ್ಲಿ ಅರ್ಧ ದಿನದೊಳಗೆ ಎಂಜಿನ್ನು ನುಂಗಿಬಿಡುತ್ತದೆ. ಇದು ದೋಣಿಯ ಅಡುಗೆಯವನಿಗೂ ಗೊತ್ತಿತ್ತು. ವೇಗ ಏರಿಸುವ ಗಂಟೆ ಬಾರಿಸಿದಾಗೆಲ್ಲ ರೋವರನ ಮುಖ ನೋಡಬೇಕಿತ್ತು; ಯಾರೋ ಅವನ ಮೈಯಿಂದಲೇ ರಕ್ತ ತೆಗೆಯುತ್ತಿರುವ ಹಾಗೆ ಕಾಣುತ್ತಿತ್ತು. ಹುಡುಗರು ಅವನಿಗೆ ಎಣ್ಣೆಜಿಪುಣ ಎಂದು ಹೆಸರಿಟ್ಟಿದ್ದರು.

ಒಂದು ಮಧ್ಯಾಹ್ನ ಬಟಾಣಿ ಸಾರು ಕುಡಿಯುತ್ತಾ ಅವನು ತನ್ನ ಅಪ್ಪನ ಕಥೆ ಹೇಳಿದ. ಅಪ್ಪ ಕೀಲ್ ಕಾಲುವೆಯಲ್ಲಿ ಹಡಗುಗಳನ್ನು ಎಳೆಯುವ ಎಳೆದೋಣಿಯಲ್ಲಿ ಕಲ್ಲಿದ್ದಲು ಒಲೆ ನೋಡಿಕೊಳ್ಳುತ್ತಿದ್ದವನು. ಕಾಲುವೆಯ ದೋಣಿಗಳಲ್ಲಿ ಒಂದು ಪದ್ಧತಿ: ಒಲೆಯವನು ಕಲ್ಲಿದ್ದಲು ಇಷ್ಟಿದೆ ಎಂದು ನಾಯಕನಿಗೆ ಹೇಳುವಾಗ ನಿಜ ಹೇಳುವುದಿಲ್ಲ. ಹಿಂದಿನ ಮೂಲೆಯಲ್ಲಿ ಸ್ವಲ್ಪ ಮುಚ್ಚಿಡುತ್ತಾನೆ. ನಮ್ಮ ಮನೆಗಳಲ್ಲಿ ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಕಾಸು ಇಟ್ಟ ಹಾಗೆ. ಅದಕ್ಕೆ ಅಜ್ಜಿಯ ಪಾಲು ಎಂದು ಹೆಸರು. ನಾಯಕನಿಗೆ ಅದು ಗೊತ್ತಿರುತ್ತದೆ, ಆದರೆ ಕೇಳುವುದಿಲ್ಲ. ನಾಯಕನಿಗೆ ಗೊತ್ತೆಂದು ಒಲೆಯವನಿಗೂ ಗೊತ್ತಿರುತ್ತದೆ, ಆದರೆ ಹೇಳುವುದಿಲ್ಲ. ಒಂದು ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿ ದೋಣಿ ಸಿಕ್ಕಿಕೊಂಡಾಗ ನಾಯಕ ಇಳಿದು ಬಂದು, "ಅಜ್ಜಿ ಆರೋಗ್ಯವಾಗಿದ್ದಾಳಾ?" ಎಂದನಂತೆ. ಅಪ್ಪ ಮೂಲೆಯ ಹಲಗೆ ತೆಗೆದನಂತೆ.

ನಾವೆಲ್ಲ ನಕ್ಕೆವು. ಅಡುಗೆಯ ಕೂನೋ ಮಾತ್ರ, "ನನ್ನ ಸಕ್ಕರೆ ಡಬ್ಬಿಗೆ ನಿನ್ನ ಅಜ್ಜಿ ಬರ್ತಿದ್ದಾಳೆ ಅಂತ ಕಾಣುತ್ತೆ, ಸ್ವಲ್ಪ ಹೇಳು ಅವಳಿಗೆ" ಅಂದ.

ಆ ದಿನಗಳಲ್ಲೇ ಒಂದು ವಿಷಯ ನನ್ನ ತಲೆ ಕೊರೆಯಲು ಶುರುವಾಗಿತ್ತು. ದಿನಾ ಬೆಳಗ್ಗೆ ಒಮ್ಮೆ ದೋಣಿಯನ್ನು ಮುಳುಗಿಸಿ ನೋಡುತ್ತೇವೆ. ಲೆಕ್ಕ ಸರಿಯಿದ್ದರೆ ದೋಣಿ ನೀರೊಳಗೆ ತಕ್ಕಡಿಯ ಮುಳ್ಳಿನ ಹಾಗೆ ಅಲುಗಾಡದೆ ನಿಲ್ಲಬೇಕು. ನಮ್ಮದು ನಿಲ್ಲುತ್ತಿರಲಿಲ್ಲ. ದಿನಾ ಒಂದಿಷ್ಟು ಹಗುರ. ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ಎಂದಿದ್ದರೆ ತಪ್ಪು ನನ್ನ ಕೈಯದು ಎಂದು ಸುಮ್ಮನಾಗುತ್ತಿದ್ದೆ. ಆದರೆ ಯಾವಾಗಲೂ ಹಗುರವೇ, ಒಮ್ಮೆಯೂ ಭಾರವಿಲ್ಲ. ನಾನು ಸ್ವಲ್ಪ ನೀರು ಒಳಗೆ ಬಿಟ್ಟು ಸರಿಮಾಡುತ್ತಿದ್ದೆ, ಮರುದಿನ ಮತ್ತೆ ಅದೇ.

ಮೊದಲು ಉಪ್ಪಿನ ಮೇಲೆ ಅನುಮಾನಪಟ್ಟೆ. ದಕ್ಷಿಣಕ್ಕೆ ಹೋದಂತೆ ಸಮುದ್ರ ಹೆಚ್ಚು ಉಪ್ಪಾಗುತ್ತದೆ, ಉಪ್ಪು ನೀರು ದೋಣಿಯನ್ನು ಮೇಲಕ್ಕೆ ಒತ್ತುತ್ತದೆ. ಬಕೆಟ್ಟಿನಲ್ಲಿ ನೀರೆತ್ತಿ ಅಳೆದೆ. ಉಪ್ಪು ಹೆಚ್ಚಿತ್ತು, ಆದರೆ ಅಷ್ಟು ಹೆಚ್ಚಿರಲಿಲ್ಲ. ಆಮೇಲೆ ಆಹಾರ. ನೇತುಹಾಕಿದ ಹಂದಿ ತೊಡೆಗಳು, ಹಾಸಿಗೆಗಳ ಕೆಳಗಿನ ಆಲೂಗಡ್ಡೆ, ಬೂಸ್ಟು ಹಿಡಿದು ಮೊಲದ ಮರಿಯಂತೆ ಬಿಳಿಯಾಗಿದ್ದ ರೊಟ್ಟಿಗಳು, ಇವೆಲ್ಲ ನಾನು ಅಂದುಕೊಂಡದ್ದಕ್ಕಿಂತ ಬೇಗ ಖರ್ಚಾಗುತ್ತಿವೆಯೋ ಏನೋ ಎಂದು ಕೂನೋನನ್ನು ವಿಚಾರಿಸಿದೆ. ಅವನಿಗೆ ಬೇಸರವಾಯಿತು. ತಾನೇನು ಕದ್ದು ತಿನ್ನುತ್ತೇನೆಯೇ, ತಿಂದರೂ ತಿಂದದ್ದು ದೋಣಿಯೊಳಗೇ ಅಲ್ಲವೇ ಇರುವುದು ಎಂದು ಕೇಳಿದ. ಆ ಮಾತು ಸರಿಯಾಗಿಯೇ ಇತ್ತು. ತೂಕದ ಲೆಕ್ಕದಲ್ಲಿ ಮೂಟೆಯೊಳಗಿನ ಆಲೂಗಡ್ಡೆಗೂ ಹೊಟ್ಟೆಯೊಳಗಿನ ಆಲೂಗಡ್ಡೆಗೂ ವ್ಯತ್ಯಾಸವಿಲ್ಲ.

ರೋವರನನ್ನೂ ಕೇಳಿದ್ದೆ, ಎಣ್ಣೆಯ ಅಂಕಿ ಸರಿಯಾಗಿದೆಯೇ ಎಂದು. ಅವನು ಎಣ್ಣೆ ಕೈಗಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ, ಸಮುದ್ರ ಒರಟಾಗಿದೆ, ಎಂಜಿನ್ನು ಹೆಚ್ಚು ಕುಡಿಯುತ್ತಿದೆ ಎಂದ. ಅದೂ ಸರಿಯಾಗಿಯೇ ಕೇಳಿಸಿತು.

ಹೀಗಿರುವಾಗ ನಮ್ಮ ಕ್ಯಾಪ್ಟನ್ ಗಾರ್ಟುಂಗರಿಗೆ ಸರಕು ಹಡಗುಗಳ ಸಾಲೊಂದರ ಸುದ್ದಿ ಸಿಕ್ಕಿತು. ಅವರಿಗೆ ಇಪ್ಪತ್ತೆಂಟು ವಯಸ್ಸು, ನಗುಮುಖ, ಇಸ್ಪೀಟಿನಲ್ಲಿ ಕೊನೆಯ ಎಲೆಯವರೆಗೂ ಕೈ ಬಿಡದ ಸ್ವಭಾವ. ಪೂರ್ತಿ ವೇಗ ಎಂದರು. ಬೆಳಗಿನ ಮುಳುಗು ಪರೀಕ್ಷೆಗೆ ಹೊತ್ತು ಹಾಳುಮಾಡುವುದು ಬೇಡ ಎಂದರು. ನಾಲ್ಕು ದಿನ ಎರಡೂ ಎಂಜಿನ್ನುಗಳು ಗರ್ಜಿಸಿದವು. ನಾನು ರೋವರ್ ಹೇಳಿದ ಅಂಕಿಯನ್ನು ಮಾತ್ರ ನಂಬಿ ನೀರು ಹೊರಗೆ ಹಾಕುತ್ತಾ ಹೋದೆ.

ಐದನೆಯ ದಿನ, ಮೋಡವಿಲ್ಲದ ಮಧ್ಯಾಹ್ನ, ವಿಮಾನ ಬಂದಿತು. ಅಪಾಯದ ಗಂಟೆ ಮೊಳಗಿತು, ಮೇಲಿದ್ದವರು ಏಣಿಯಿಂದ ಉದುರಿದ ಹಾಗೆ ಒಳಗೆ ಬಿದ್ದರು, ಮುಚ್ಚಳ ಮುಚ್ಚಿತು. ನಾನು ನಡುಕೋಣೆಯಲ್ಲಿ ಆಳದ ಮುಳ್ಳನ್ನು ನೋಡುತ್ತಾ ನಿಂತಿದ್ದೆ. ದೋಣಿಯ ಮೂಗು ಬಗ್ಗಿತು. ಆದರೆ ಮುಳ್ಳು ಕದಲಲಿಲ್ಲ. ಬಾಲ ನೀರಿನ ಮೇಲೆಯೇ ಉಳಿದು, ಪ್ರೊಪೆಲ್ಲರುಗಳು ಗಾಳಿಯನ್ನು ಕಡೆಯುವ ಸದ್ದು ಇಡೀ ದೋಣಿಗೆ ಕೇಳಿತು. ಎಲ್ಲರೂ ಮುಂದಕ್ಕೆ ಓಡಿ ಎಂದು ಕೂಗಿದೆ. ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಾ ಮೂಗಿನ ಕಡೆಗೆ ಓಡಿದರು, ತಮ್ಮ ಮೈತೂಕವನ್ನಾದರೂ ಅಲ್ಲಿಗೆ ಸೇರಿಸಲು. ನಾನು ಸಿಕ್ಕಿದ ಟ್ಯಾಂಕಿಗೆಲ್ಲ ನೀರು ಬಿಟ್ಟೆ. ಕೊನೆಗೆ ಮುಳ್ಳು ಕದಲಿತು. ನಾವು ಇಳಿಯುತ್ತಿರುವಾಗ ಬಾಂಬುಗಳು ಬಿದ್ದವು. ದೀಪಗಳ ಗಾಜುಗಳು ಒಡೆದವು, ಒಂದು ಕವಾಟ ಸೀಳಿಹೋಯಿತು, ಕೂನೋನ ತೋಳು ಮುರಿಯಿತು. ಅಷ್ಟರಲ್ಲೇ ಮುಗಿಯಿತು.

ಆಳದಲ್ಲಿ ಎಲ್ಲ ತಣ್ಣಗಾದ ಮೇಲೆ ನಾನು ಕೂತು ಯೋಚಿಸಿದೆ. ದೋಣಿಯನ್ನು ಸರಿತೂಗಿಸಲು ಎಷ್ಟು ನೀರು ಬೇಕಾಯಿತೆಂದು ನನಗೆ ಗೊತ್ತಿತ್ತು. ಐದಾರು ಮೂಟೆ ಗೋಧಿಯಷ್ಟು ತೂಕ. ನಾಲ್ಕು ದಿನದಲ್ಲಿ ಉಪ್ಪು ಬದಲಾಗಿರಲಿಲ್ಲ, ಆಲೂಗಡ್ಡೆ ಮಾಯವಾಗಿರಲಿಲ್ಲ. ನೀರಿರಬೇಕಾದ ಕಡೆ ನೀರಿಗಿಂತ ಹಗುರವಾದದ್ದೇನೋ ಇರಬೇಕು. ನಮ್ಮ ದೋಣಿಯಲ್ಲಿ ನೀರಿಗಿಂತ ಹಗುರವಾಗಿ, ನೀರಿನ ಜಾಗದಲ್ಲಿ ಕೂರುವಂಥದ್ದು ಒಂದೇ ಒಂದು. ದಿನದಿನದ ಆ ಸಣ್ಣ ಹಗುರವನ್ನೂ ಅದಕ್ಕೆ ಕೂಡಿಸಿದೆ. ಐದು ಟನ್ನು ಎಣ್ಣೆ ಎಂದು ಲೆಕ್ಕ ಬಂದಿತು.

ಎಂಜಿನ್ ಕೋಣೆಗೆ ಹೋದೆ. ಡೀಸೆಲುಗಳು ನಿಂತಿದ್ದವು, ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ರೋವರ್ ಎರಡು ಎಂಜಿನ್ನುಗಳ ನಡುವಿನ ಓಣಿಯಲ್ಲಿ ತಲೆಕೆಳಗೆ ಇಟ್ಟ ಬಕೆಟ್ಟಿನ ಮೇಲೆ ಕೂತಿದ್ದ.

"ಅಜ್ಜಿ ಆರೋಗ್ಯವಾಗಿದ್ದಾಳಾ ರೋವರ್?" ಎಂದೆ.

ಅವನು ಬಹಳ ಹೊತ್ತು ಕೈ ಒರೆಸಿಕೊಂಡ. ಕೈಯಲ್ಲಿ ಒರೆಸುವಂಥದ್ದು ಏನೂ ಉಳಿದಿರಲಿಲ್ಲ.

"ಐದು ಟನ್ನು" ಎಂದ. "ದಿನಾ ಬೆಳಗ್ಗೆ ನೀವು ಮುಳುಗಿಸಿ ನೋಡಿ ಸರಿ ಮಾಡ್ಕೋತಿದ್ರಿ. ಅದಕ್ಕೇ ಧೈರ್ಯ ನನಗೆ. ಈ ನಾಲ್ಕು ದಿನ ಪರೀಕ್ಷೆ ಇಲ್ಲ ಅನ್ನೋದು ತಲೆಗೇ ಹೋಗ್ಲಿಲ್ಲ ನೋಡಿ. ವೇಗದಲ್ಲಿ ಹೋಗ್ತಿದೀವಿ, ಖರ್ಚು ಜಾಸ್ತಿ, ಮುಚ್ಚಿಡೋದು ಸುಲಭ ಅಂತ ಅಷ್ಟೇ ಕಂಡಿದ್ದು."

ಎಳೆದೋಣಿಯಲ್ಲಿ ಮೂಲೆಯಲ್ಲಿಟ್ಟ ಕಲ್ಲಿದ್ದಲು ಯಾರಿಗೂ ತೊಂದರೆ ಕೊಡುವುದಿಲ್ಲ. ಅದು ಸುಮ್ಮನೆ ಬಿದ್ದಿರುತ್ತದೆ. ನಮ್ಮ ದೋಣಿಯಲ್ಲಿ ಮುಚ್ಚಿಟ್ಟ ಎಣ್ಣೆ ಸುಮ್ಮನಿರುವುದಿಲ್ಲ, ದೋಣಿಯನ್ನೇ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಅಪ್ಪನ ಪದ್ಧತಿಯನ್ನು ಅವನು ಅದಕ್ಕೆ ಒಗ್ಗದ ಕಡೆಗೆ ತಂದಿದ್ದ. ಏಕೆ ಹೀಗೆ ಮಾಡಿದೆ ಎಂದು ನಾನು ಕೇಳಿದೆ. ಅವನು ಹೇಳಿದ್ದು ಇಷ್ಟು: ಎಣ್ಣೆ ಇದೆ ಎಂದು ಗೊತ್ತಿದ್ದೂ ಮನೆಗೆ ತಿರುಗಿದ ಕ್ಯಾಪ್ಟನ್ ಇದುವರೆಗೂ ಹುಟ್ಟಿಲ್ಲ. ಇದ್ದದ್ದನ್ನೆಲ್ಲ ಬೇಟೆಗೆ ಸುಟ್ಟು, ಆಮೇಲೆ ಮನೆಯ ದಾರಿ ನೆನಪಿಸಿಕೊಳ್ಳುತ್ತಾರೆ. ಆ ದಾರಿಗೆಂದು ಯಾರಾದರೂ ಎತ್ತಿಡಬೇಕು.

ಈಗ ಏನು ಮಾಡುವುದು? ಕ್ಯಾಪ್ಟನ್ನರಿಗೆ ಹೇಳಿದರೆ ರೋವರನಿಗೆ ಸೈನಿಕ ನ್ಯಾಯಾಲಯ. ಅದೂ ಅಲ್ಲದೆ ಅವನು ಹೆದರಿದ ಹಾಗೆಯೇ ಐದು ಟನ್ನು ಬೇಟೆಗೆ ಹೋಗುತ್ತದೆ. ನಾನು ಇನ್ನೂ ಯೋಚಿಸುತ್ತಿರುವಾಗಲೇ ಅವನು ಎದ್ದು, ಕುತ್ತಿಗೆಯ ಬಟ್ಟೆ ಬಿಚ್ಚಿಟ್ಟು, ಕೂದಲು ಸರಿಮಾಡಿಕೊಂಡು ಮುಂದಕ್ಕೆ ನಡೆದ. ದಾರಿಯಲ್ಲಿ ಕೂನೋ ಮುರಿದ ತೋಳಿಗೆ ಹಲಗೆ ಕಟ್ಟಿಸಿಕೊಂಡು ಮಲಗಿದ್ದ. ರೋವರ್ ಅಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಕ್ಯಾಪ್ಟನ್ನರ ಪರದೆಯ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದ.

ಗಾರ್ಟುಂಗ್ ಸಿಟ್ಟಾಗಲಿಲ್ಲ. ಅದೇ ದೊಡ್ಡ ಗ್ರಹಚಾರವಾಯಿತು. ಅವರು ನಕ್ಕರು. ಮುಳುಗುವಾಗ ಮತ್ತೊಮ್ಮೆ ಹೀಗಾದರೆ ನಾನೇ ನಿನ್ನನ್ನು ಸಮುದ್ರಕ್ಕೆ ತಳ್ಳುತ್ತೇನೆ ಎಂದರು, ನ್ಯಾಯಾಲಯದ ಮಾತು ಎತ್ತಲಿಲ್ಲ. ಮತ್ತೆ ನಕ್ಷೆ ಬಿಡಿಸಿ, ಐದು ಟನ್ನಿಗೆ ಇನ್ನೂ ಎಷ್ಟು ದೂರ ಹೋಗಬಹುದೆಂದು ಅಳೆದರು.

ಆ ಎಣ್ಣೆಯಲ್ಲಿ ನಾವು ಒಂದು ಸರಕು ಹಡಗನ್ನು ಬೆನ್ನಟ್ಟಿ ಮುಳುಗಿಸಿದೆವು. ಅದು ಕೂಡ ಎಣ್ಣೆ ಹೊತ್ತಿತ್ತು. ಸಮುದ್ರದ ಮೇಲೆ ಬಹಳ ಹೊತ್ತು ಬೆಂಕಿ ಉರಿಯಿತು. ಅದರಲ್ಲಿದ್ದವರು ಎಷ್ಟು ಜನ, ಅವರಲ್ಲಿ ಯಾರಾದರೂ ಉಳಿದರೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಹುಡುಗರು ಒಬ್ಬೊಬ್ಬರಾಗಿ ಮೇಲೆ ಹೋಗಿ ನೋಡಿ ಬಂದರು. ರೋವರ್ ಹೋಗಲಿಲ್ಲ. ಸಂಜೆ ಊಟ ಮುಟ್ಟಲಿಲ್ಲ. ಕೇಳಿದರೆ, "ನನ್ನ ಎಣ್ಣೇಲಿ ಹೋಗಿ ಹೊಡೆದಿದ್ದು" ಎಂದಷ್ಟೇ ಹೇಳಿದ.

ಆಮೇಲೆ ತಿರುಗುವ ದಿನ ಬಂದಿತು. ಆಗ ನಮ್ಮ ವಶದಲ್ಲಿದ್ದ ಫ್ರಾನ್ಸಿನ ತೀರದ ಬಂದರಿಗೆ ಒಂದೇ ಎಂಜಿನ್ನಿನಲ್ಲಿ ಹೋಗುವಷ್ಟು ಎಣ್ಣೆ ಮಾತ್ರ ಉಳಿದಿತ್ತು. ರೋವರ್ ಬಂದು ಹೇಳಿದ. ಕ್ಯಾಪ್ಟನ್ ತಲೆ ಅಲ್ಲಾಡಿಸಿದರು, ತಿರುಗಲಿಲ್ಲ. ಮರುದಿನ ಮತ್ತೆ ಹೇಳಿದ. ಕ್ಯಾಪ್ಟನ್ ಕಣ್ಣು ಮಿಟುಕಿಸಿ, "ಅಜ್ಜಿಗೊಬ್ಬಳು ತಂಗಿ ಇರಬೇಕಲ್ಲ?" ಎಂದರು. ಇಲ್ಲವೆಂದು ರೋವರ್ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಒಮ್ಮೆ ಐದು ಮುಚ್ಚಿಟ್ಟವನು ಎರಡನೆಯ ಸಲವೂ ಮುಚ್ಚಿಟ್ಟಿರುತ್ತಾನೆ, ಕೈಯ ಅಭ್ಯಾಸ ಎಲ್ಲಿ ಹೋಗುತ್ತದೆ ಎಂಬುದು ಅವರ ಲೆಕ್ಕ. ಇನ್ನೆರಡು ದಿನ ಮುಂದೆ ಹೋಗೋಣ ಎಂದರು.

ವಿಚಿತ್ರವೆಂದರೆ ಹುಡುಗರದ್ದೂ ಅದೇ ನಂಬಿಕೆ. ಮೊದಲ ಸಲ ಅವನು ಸುಳ್ಳು ಹೇಳಿದ್ದಕ್ಕೆ ಜೀವ ಹೋಗುವುದರಲ್ಲಿತ್ತು, ಆಗ ಅವನಿಗೆ ಶಾಪ ಹಾಕಿದ್ದರು. ಈಗ ಅವನು ಸುಳ್ಳು ಹೇಳುತ್ತಿರಲಿ ಎಂದು ಎಲ್ಲರೂ ಒಳಗೊಳಗೇ ಹಾರೈಸುತ್ತಿದ್ದರು. ಕೂನೋ ಎಡಗೈಯಲ್ಲಿ ಸಾರು ಬಡಿಸುತ್ತಾ ಅವನ ಕಿವಿಯ ಹತ್ತಿರ ಬಗ್ಗಿ, "ನನಗೊಬ್ಬನಿಗೆ ಹೇಳೋ ಮುದುಕಾ, ಎಷ್ಟಿದೆ? ನನ್ನ ತೋಳಿನ ಲೆಕ್ಕ ಚುಕ್ತಾ ಮಾ‌ಡ್ಕೋತೀನಿ" ಎಂದ. ರೋವರ್ ಜೇಬುಗಳನ್ನು ಹೊರಗೆ ಎಳೆದು ತೋರಿಸಿದ. ಹುಡುಗರು ನಕ್ಕರು. ಅವನು ನಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಹತ್ತಿರ ಏನೂ ಮುಚ್ಚಿಟ್ಟದ್ದಿರಲಿಲ್ಲ, ಅದನ್ನು ನಂಬುವವರು ಒಬ್ಬರೂ ಇರಲಿಲ್ಲ.

ನಾನು ನಂಬಿದ್ದೆ. ನಂಬಿಕೆಗೆ ಕಾರಣ ಅವನ ಮುಖವಲ್ಲ. ನಾನು ಕ್ಯಾಪ್ಟನ್ನರ ಹತ್ತಿರ ಹೋಗಿ, ಮೀಟರನ್ನು ಈಗ ನಾನೂ ನೋಡುತ್ತಿದ್ದೇನೆ ಎಂದೆ. ಮೀಟರು ಬಿಚ್ಚಿ ಕಟ್ಟುವವನು ಯಾರು, ಅವನೇ ತಾನೇ ಎಂದರು ಅವರು. ಆದರೆ ಬಿಚ್ಚಿ ಕಟ್ಟಲಾಗದ ಇನ್ನೊಂದು ಮೀಟರು ಇತ್ತು.

"ಹೆರ್ ಕಾಲೊಯ್" ಎಂದೆ, ನಾವು ಕ್ಯಾಪ್ಟನ್ನರನ್ನು ಕರೆಯುತ್ತಿದ್ದುದೇ ಹಾಗೆ, "ಬೇಟೆಯ ಗಡಿಬಿಡೀಲಿ ಮುಳುಗು ಪರೀಕ್ಷೆ ಮಾಡಿ ನಾಲ್ಕು ದಿನ ಆಯ್ತು. ಈ ನಾಲ್ಕು ದಿನ ರೋವರ್ ಹೇಳಿದ ಅಂಕಿ ಬಿಟ್ಟು ಒಂದು ಬಕೆಟ್ ನೀರನ್ನೂ ನಾನು ಆಚೀಚೆ ಮಾಡಿಲ್ಲ. ಈಗ ಮುಳುಗೋಣ. ನೀವೇ ಬಂದು ಮುಳ್ಳು ನೋಡಿ. ಅವನು ಮುಚ್ಚಿಟ್ಟಿದ್ರೆ ದೋಣಿ ಹಗುರ ಇರುತ್ತೆ, ಆವತ್ತಿನ ಹಾಗೇ ಮೇಲಕ್ಕೆ ಎಳೆಯುತ್ತೆ. ಇಲ್ಲದಿದ್ರೆ ನಿಲ್ಲುತ್ತೆ."

ಆಕಾಶ ಸ್ವಚ್ಛವಾಗಿತ್ತು, ಯಾವ ಅವಸರವೂ ಇರಲಿಲ್ಲ. ಕ್ಯಾಪ್ಟನ್ನರಿಗೂ ಕುತೂಹಲ ಹುಟ್ಟಿತು. ನಡುಕೋಣೆಯಲ್ಲಿ ನಕ್ಷೆಯ ಪೆಟ್ಟಿಗೆಯ ಮೇಲೆ ಕೂತು ಕೈಕಟ್ಟಿದರು. ನಿಧಾನವಾಗಿ ದೋಣಿಯನ್ನು ಕೆಳಗಿಳಿಸಿದೆ. ನಂತರ ವಿದ್ಯುತ್ ಮೋಟಾರುಗಳನ್ನು ನಿಲ್ಲಿಸಲು ಹೇಳಿದೆ. ನೀರೊಳಗೆ ದೋಣಿ ಯಾವ ಬಲವೂ ಇಲ್ಲದೆ, ತನ್ನ ತೂಕವೊಂದರಿಂದಲೇ ನಿಲ್ಲಬೇಕಿತ್ತು. ಎಂಜಿನ್ ಕೋಣೆಯ ಬಾಗಿಲಲ್ಲಿ ರೋವರ್ ನಿಂತಿದ್ದ. ಅವನಿಗೆ ಮುಳ್ಳು ಕಾಣುತ್ತಿರಲಿಲ್ಲ, ನಮ್ಮ ಮುಖಗಳು ಕಾಣುತ್ತಿದ್ದವು. ಅವನ ಹಿಂದೆ ಹುಡುಗರು ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕುತ್ತಿದ್ದರು. ಎಲ್ಲೋ ಒಂದು ಹನಿ ನೀರು ಬಕೆಟ್ಟಿಗೆ ಬೀಳುವುದು ಕೇಳುತ್ತಿತ್ತು.

ಮುಳ್ಳು ಕೂದಲಗಲ ಮೇಲೆ ಹೋಯಿತು. ಆಮೇಲೆ ಅದು ಇಳಿದು, ಹಳೆಯ ಜಾಗಕ್ಕೆ ಬಂದು, ಅಲ್ಲೇ ನಿಂತಿತು. ಕ್ಯಾಪ್ಟನ್ ಪೆಟ್ಟಿಗೆಯಿಂದ ಇಳಿದು ಗಾಜನ್ನು ಬೆರಳಿನಿಂದ ತಟ್ಟಿದರು. ಮುಳ್ಳು ಕದಲಲಿಲ್ಲ.

ಅವರು ಎಂಜಿನ್ ಕೋಣೆಯ ಕಡೆಗೆ ತಿರುಗಿ ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ಹಾಗಾದ್ರೆ ನಿಜವಾಗ್ಲೂ ಇಲ್ವೇನಯ್ಯಾ?"

"ಇಲ್ಲ ಹೆರ್ ಕಾಲೊಯ್. ಇದ್ದಿದ್ರೆ ಚೆನ್ನಾಗಿತ್ತು."

ಮೇಲೆ ಬಂದ ಕೂಡಲೇ ದೋಣಿ ಪೂರ್ವಕ್ಕೆ ತಿರುಗಿತು. ಬೇಟೆಯ ಸುದ್ದಿ ಇನ್ನೊಮ್ಮೆ ಬಂದಾಗಲೂ ಕ್ಯಾಪ್ಟನ್ ವೇಗ ಹೆಚ್ಚಿಸಲಿಲ್ಲ. ಒಂದು ಎಂಜಿನ್ನಿನಲ್ಲಿ, ನಡೆದು ಹೋಗುವವನ ಹಾಗೆ ಬಂದೆವು. ಕೊನೆಯ ದಿನಗಳಲ್ಲಿ ರೋವರ್ ಟ್ಯಾಂಕಿನ ಸಣ್ಣ ನಲ್ಲಿ ತೆರೆದು ಗಾಜಿನ ಲೋಟಕ್ಕೆ ಒಂದು ಗುಟುಕು ಹಿಡಿದು, ಬೆಳಕಿಗೆ ಎತ್ತಿ ನೋಡುತ್ತಿದ್ದ: ಎಣ್ಣೆಯೇ, ನೀರೇ ಎಂದು. ಮೊದಲು ಎಣ್ಣೆ. ಆಮೇಲೆ ಎಣ್ಣೆಯೂ ನೀರೂ ಕಲಸಿದ ಕಂದು ನೊರೆ. ಲೋರಿಯಾಂ ಬಂದರಿನ ಕಲ್ಲುಕಟ್ಟೆ ಕಣ್ಣಿಗೆ ಬೀಳುವ ಹೊತ್ತಿಗೆ ಎಂಜಿನ್ನು ಕೆಮ್ಮಿ, ಬಿಕ್ಕಿ, ನಿಂತುಹೋಯಿತು. ಬ್ಯಾಟರಿಯಲ್ಲಿ ಉಳಿದಿದ್ದ ಶಕ್ತಿಯಲ್ಲಿ ದಡ ಮುಟ್ಟಿದೆವು. ಇನ್ನೆರಡು ದಿನ ಮುಂದೆ ಹೋಗಿದ್ದರೆ ಎಲ್ಲಿರುತ್ತಿದ್ದೆವೆಂದು ಯಾರೂ ಕೇಳಲಿಲ್ಲ. ಕಟ್ಟೆಯ ಮೇಲೆ ವಾದ್ಯ ನುಡಿಸುತ್ತಿದ್ದರು. ರೋವರ್ ಕೆಳಗೇ ಇದ್ದು ಮೀಟರಿನ ಗಾಜು ಒರೆಸುತ್ತಿದ್ದ.

ಮುಂದಿನ ಪ್ರಯಾಣಕ್ಕೆ ನಾವಿಬ್ಬರೂ ಆ ದೋಣಿಯಲ್ಲಿ ಇರಲಿಲ್ಲ. ನನ್ನನ್ನು ಪಾಠ ಹೇಳಲು ಶಾಲೆಗೆ ಕಳಿಸಿದರು. ಹೊಸಬರಿಗೆ ಎಣ್ಣೆ ತುಂಬುವುದನ್ನು ಕಲಿಸಲು ಒಬ್ಬರು ಬೇಕೆಂದಾಗ ನಾನು ಅವನ ಹೆಸರು ಹೇಳಿದೆ, ಅವನನ್ನು ಕೀಲ್‌ಗೆ ಕರೆಸಿಕೊಂಡರು. ಮರುವರ್ಷ ದೋಣಿ ಮರಳಿ ಬರಲಿಲ್ಲ. ಗಾರ್ಟುಂಗ್ ಅದರಲ್ಲಿದ್ದರು, ಕೂನೋ ಇದ್ದ, ಮೂಗಿನ ಕಡೆಗೆ ಓಡಿದ ಆ ಹುಡುಗರಲ್ಲಿ ಹೆಚ್ಚಿನವರೂ ಇದ್ದರು. ದೋಣಿಗೆ ಏನಾಯಿತೆಂದು ತಿಳಿಯಲಿಲ್ಲ. ಕೊನೆಯ ಸಲ ಮುಳುಗುವಾಗ ಅದು ಹಗುರವಾಗಿತ್ತೋ ಭಾರವಾಗಿತ್ತೋ ಎಂದು ನಾನು ಕೆಲವು ಸಲ ಯೋಚಿಸುತ್ತೇನೆ.

ಯುದ್ಧ ಮುಗಿದು ಹತ್ತು ವರ್ಷಗಳ ಮೇಲೆ, ಹಡಗು ಕಟ್ಟುವ ಅಂಗಳದ ಕೆಲಸಕ್ಕೆಂದು ಹೊಲ್ಟೆನಾವ್‌ಗೆ ಹೋದಾಗ ಅಲ್ಲಿ ಕೀಲ್ ಕಾಲುವೆಯ ಬಾಗಿಲ ಹತ್ತಿರ ಒಬ್ಬ ಅಗಲ ಬೆನ್ನಿನವನು ಕುಕ್ಕರಗಾಲಲ್ಲಿ ಕೂತು ನೀರು ನೋಡುತ್ತಿರುವುದು ಕಂಡಿತು. ನಾನು ಬೇಕೆಂದೇ ಅವನ ಮೇಲೆ ನೆರಳು ಬೀಳುವ ಹಾಗೆ ನಿಂತೆ. ಈ ಸಲ ಅವನು ಬೈಯಲಿಲ್ಲ, ತಿರುಗಿ ನೋಡಿದ. ಸಂಜೆ ಮನೆಗೆ ಕರೆದುಕೊಂಡು ಹೋದ. ಹೊಗೆ ಹಾಕಿದ ಮೀನು, ಕರಿದ ಆಲೂಗಡ್ಡೆ ತಿಂದೆವು. ಅವನು ಕೈ ತೊಳೆಯಲು ಹೋದಾಗ ಅವನ ಹೆಂಡತಿ ವೀಬ್ಕೆ ನನ್ನನ್ನು ನೆಲಮಾಳಿಗೆಯ ಮೆಟ್ಟಿಲಿಗೆ ಕರೆದು, ಆಲೂಗಡ್ಡೆ ಪೆಟ್ಟಿಗೆಯ ಹಿಂದೆ ಗೋಣಿ ಮುಚ್ಚಿದ ಕಲ್ಲಿದ್ದಲ ರಾಶಿ ತೋರಿಸಿದಳು. "ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ" ಎಂದಳು. ಮೇಲೆ ಬಂದಾಗ ರೋವರ್ ನನ್ನ ಬೂಟಿನ ಮೇಲಿನ ಕಪ್ಪು ಪುಡಿಯನ್ನು ನೋಡಿದ, ಹೆಂಡತಿಯ ಮುಖ ನೋಡಿದ, ಮೀನಿನ ತಟ್ಟೆ ನನ್ನ ಕಡೆಗೆ ತಳ್ಳಿದ.

ಈಗ ಅವನು ಹೊಲ್ಟೆನಾವ್‌ನಲ್ಲಿ ಎಣ್ಣೆ ದೋಣಿ ನಡೆಸುತ್ತಾನೆ, ಕಾಲುವೆಗೆ ಬರುವ ಹಡಗುಗಳಿಗೆ ಡೀಸೆಲ್ ತುಂಬಿಸುತ್ತಾನೆ.